ಗೋಡೆಯ ಹಕ್ಕು: ನ್ಯೂಯಾರ್ಕಿನ ಎ.ಐ.ಆರ್. ಗ್ಯಾಲರಿ ಮತ್ತು ಕಲಾವಿದೆಯರ ಆತ್ಮವಿಶ್ವಾಸದ ಚರಿತ್ರೆ

ಇಪ್ಪತ್ತನೆಯ ಶತಮಾನದ ನ್ಯೂಯಾರ್ಕಿನಲ್ಲಿ ಕಲಾವಿದರ ಬದುಕು ಅವರ ಪ್ರತಿಭೆಯನ್ನು ನೆಚ್ಚಿಕೊಂಡಿದ್ದಷ್ಟೇ ಅವರಿಗೆ ದೊರೆಯುತ್ತಿದ್ದ ಗೋಡೆಯನ್ನೂ ನೆಚ್ಚಿಕೊಂಡಿತ್ತು. ಡೀಲರುಗಳೆಂದು ಕರೆಯಲಾಗುವ ಖಾಸಗಿ ಗ್ಯಾಲರಿಗಳ ಮಾಲೀಕರು ತಾವು ಮೆಚ್ಚಿದವರ ಕೃತಿಗಳನ್ನು ಪ್ರದರ್ಶನಕ್ಕಿಟ್ಟು ಮಾರಾಟದ ಹಣದಲ್ಲಿ ಪಾಲು ಪಡೆಯುತ್ತಿದ್ದರು. ಅಲ್ಲಿ ಕಂಡದ್ದನ್ನು ಕುರಿತು ವಿಮರ್ಶಕರು ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ಆ ಬರಹಗಳನ್ನು ಗಮನಿಸಿ ಕಲಾ ಸಂಗ್ರಹಾಲಯಗಳು ಕೃತಿಗಳನ್ನು ಕೊಳ್ಳುತ್ತಿದ್ದವು. ಮೊದಲ ಮೆಟ್ಟಿಲೇ ಸಿಗದವರಿಗೆ ಮುಂದಿನದು ಯಾವುದೂ ದಕ್ಕುತ್ತಿರಲಿಲ್ಲ, ಮತ್ತು ಆ ಮೊದಲ ಮೆಟ್ಟಿಲನ್ನು ಹತ್ತಲಾಗದವರಲ್ಲಿ ಬಹುಪಾಲು ಮಹಿಳೆಯರಿದ್ದರು. 1972ರ ಸೆಪ್ಟೆಂಬರ್ 16ರಂದು ಮ್ಯಾನ್‌ಹಟನ್ನಿನ ಸೋಹೊ ಪ್ರದೇಶದ 97, ವೂಸ್ಟರ್ ಸ್ಟ್ರೀಟಿನಲ್ಲಿ ಬಾಗಿಲು ತೆರೆದ ಎ.ಐ.ಆರ್. ಗ್ಯಾಲರಿಯು, ಅಮೆರಿಕದಲ್ಲಿ ಕಲಾವಿದೆಯರೇ ಕಟ್ಟಿ ಕಲಾವಿದೆಯರೇ ನಡೆಸಿದ ಮೊದಲ ಲಾಭರಹಿತ ಸಹಕಾರಿ ಗ್ಯಾಲರಿಯೆಂದು ಹೆಸರಾಗಿದೆ. ಇದರ ಕಥೆಯನ್ನು ಸಮಾನತೆಯ ಹೋರಾಟದ ಒಂದು ಅಧ್ಯಾಯವೆಂದು ಬರೆಯುವುದು ರೂಢಿ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಅದರಲ್ಲಿದೆ: ಕಲಾವಿದೆಯ ಆತ್ಮವಿಶ್ವಾಸವು ಅವಳೊಬ್ಬಳ ಸ್ವಭಾವದಿಂದ ಬರುವುದಕ್ಕಿಂತ ಹೆಚ್ಚಾಗಿ ನಿಯಮಗಳಿಂದ, ಸಭೆಗಳಿಂದ, ಬಾಡಿಗೆ ಕಟ್ಟಿದ ಜಾಗದಿಂದ ಬರುತ್ತದೆ ಎಂಬುದನ್ನು ಈ ಸಂಸ್ಥೆ ಆಚರಣೆಯಲ್ಲಿ ತೋರಿಸಿಕೊಟ್ಟಿತು.

ಈ ಗ್ಯಾಲರಿ ಹುಟ್ಟುವ ಮೂರು ವರ್ಷ ಮೊದಲಿನ ಪರಿಸ್ಥಿತಿಯನ್ನು ಅರಿಯಲು ಒಂದು ಲೆಕ್ಕ ಸಾಕು. ಸಮಕಾಲೀನ ಅಮೆರಿಕನ್ ಕಲೆಯ ಸ್ಥಿತಿಗತಿಯನ್ನು ಬಿಂಬಿಸಬೇಕಾದ ವಿಟ್ನಿ ಸಂಗ್ರಹಾಲಯದ 1969ರ ವಾರ್ಷಿಕ ಪ್ರದರ್ಶನದಲ್ಲಿದ್ದ 143 ಕಲಾವಿದರಲ್ಲಿ ಮಹಿಳೆಯರು ಎಂಟೇ ಜನ. ಅದೇ ವರ್ಷ, ಸಂಗ್ರಹಾಲಯಗಳ ಧೋರಣೆಯನ್ನು ಪ್ರಶ್ನಿಸಲು ಹುಟ್ಟಿಕೊಂಡಿದ್ದ ಕಲಾ ಕಾರ್ಮಿಕರ ಒಕ್ಕೂಟದೊಳಗೂ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಕಂಡುಕೊಂಡ ಮಹಿಳೆಯರು ‘ವಿಮೆನ್ ಆರ್ಟಿಸ್ಟ್ಸ್ ಇನ್ ರೆವಲ್ಯೂಷನ್’ ಎಂಬ ತಮ್ಮದೇ ಗುಂಪನ್ನು ಕಟ್ಟಿದರು. 1970ರಲ್ಲಿ ವಿಮರ್ಶಕಿ ಲೂಸಿ ಲಿಪ್ಪಾರ್ಡ್, ಕಲಾವಿದೆಯರಾದ ಫೇಯ್ತ್ ರಿಂಗೋಲ್ಡ್, ಪಾಪಿ ಜಾನ್ಸನ್, ಬ್ರೆಂಡಾ ಮಿಲ್ಲರ್ ಮೊದಲಾದವರು ಸೇರಿ ತಾತ್ಕಾಲಿಕ ಸಮಿತಿಯೊಂದನ್ನು ರಚಿಸಿ, ವಿಟ್ನಿಯ ಪ್ರದರ್ಶನದಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಪಟ್ಟು ಹಿಡಿದರು. ಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ಮೊಟ್ಟೆಗಳನ್ನು ಇರಿಸುವುದು, ಮಹಿಳೆಯರು ಮುಟ್ಟಿನ ದಿನಗಳಲ್ಲಿ ಬಳಸುವ ಸಾಮಗ್ರಿಗಳನ್ನು ಮೂಲೆಮೂಲೆಯಲ್ಲಿ ಬಿಟ್ಟು ಬರುವುದು ಅವರ ಪ್ರತಿಭಟನೆಯ ರೀತಿಯಾಗಿತ್ತು. ಆ ವರ್ಷದ ಪ್ರದರ್ಶನದಲ್ಲಿ ಮಹಿಳೆಯರ ಪಾಲು ಸುಮಾರು ಐದರಲ್ಲಿ ಒಂದು ಭಾಗಕ್ಕೆ ಏರಿತು. ಕಪ್ಪು ಮಹಿಳೆಯರೂ ಇರಲೇಬೇಕೆಂಬ ರಿಂಗೋಲ್ಡ್ ಅವರ ಒತ್ತಾಯದಿಂದ ಬೆಟ್ಟಿ ಸಾರ್ ಮತ್ತು ಬಾರ್ಬರಾ ಚೇಸ್-ರಿಬೋ ಅವರಿಗೆ ಅಲ್ಲಿ ಸ್ಥಾನ ಸಿಕ್ಕಿತು.

ಲೆಕ್ಕದಲ್ಲಿ ಕಾಣುವ ಈ ಅನ್ಯಾಯಕ್ಕಿಂತ ಆಳವಾದದ್ದು, ಅದು ಕಲಾವಿದೆಯರ ಮನಸ್ಸಿನಲ್ಲಿ ಉಳಿಸಿದ ಗುರುತು. ಪ್ರಸಿದ್ಧ ಅಮೂರ್ತ ಚಿತ್ರಕಾರ್ತಿ ಲೀ ಕ್ರಾಸ್ನರ್ ತಮ್ಮ ಬದುಕಿನ ಬಹುಭಾಗ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಹೆಂಡತಿಯೆಂದೇ ಗುರುತಿಸಿಕೊಳ್ಳಬೇಕಾಯಿತು, ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಸಮಗ್ರ ಪ್ರದರ್ಶನ ತೆರೆದದ್ದು 1984ರಲ್ಲಿ, ಅವರು ತೀರಿಕೊಂಡ ಕೆಲವು ತಿಂಗಳ ಬಳಿಕ. ಇಂಥ ಹಿರಿಯರನ್ನು ಕಂಡು ಬೆಳೆದ ಮುಂದಿನ ಪೀಳಿಗೆಯವರು, ಮನ್ನಣೆ ಸಿಗದಿದ್ದರೆ ತಪ್ಪು ತಮ್ಮ ಕೃತಿಯಲ್ಲೇ ಇರಬೇಕೆಂದು ನಂಬುವುದು ಸಹಜವಾಗಿತ್ತು. ಆ ನಂಬಿಕೆಯನ್ನು ಎರಡು ಕಡೆಯಿಂದ ಅಲುಗಿಸಲಾಯಿತು. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರ ಜನವರಿಯಲ್ಲಿ ‘ಆರ್ಟ್‌ನ್ಯೂಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಹಾನ್ ಕಲಾವಿದೆಯರು ಏಕೆ ಇರಲಿಲ್ಲವೆಂಬ ಹಳೆಯ ಪ್ರಶ್ನೆಯನ್ನು ಎತ್ತಿಕೊಂಡು, ಅದಕ್ಕೆ ಉತ್ತರವಿರುವುದು ಹೆಣ್ಣಿನ ಪ್ರಕೃತಿಯಲ್ಲಲ್ಲ, ಶಿಕ್ಷಣ ಕೊಡುವ ಮತ್ತು ತಡೆಯುವ ಸಂಸ್ಥೆಗಳಲ್ಲಿ ಎಂದು ವಾದಿಸಿದರು. ಇನ್ನೊಂದು ಕಡೆ, ಅರಿವಿನ ಕೂಟಗಳೆಂದು ಕರೆಯಬಹುದಾದ ಸಣ್ಣ ಗುಂಪುಗಳು ಮನೆಮನೆಗಳಲ್ಲಿ ಸೇರತೊಡಗಿದವು. ಅಲ್ಲಿ ಪ್ರತಿಯೊಬ್ಬಳೂ ಸರದಿಯಂತೆ ತನ್ನ ಅನುಭವವನ್ನು ಹೇಳಿಕೊಳ್ಳುತ್ತಿದ್ದಳು, ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು, ಮತ್ತು ತನ್ನೊಬ್ಬಳ ಸೋಲೆಂದು ಅಂದುಕೊಂಡದ್ದು ಎಲ್ಲರ ಅನುಭವವೆಂದು ಕ್ರಮೇಣ ತಿಳಿಯುತ್ತಿತ್ತು.

ಆದರೆ ಅರಿವು ಮೂಡಿದ ಮಾತ್ರಕ್ಕೆ ಗೋಡೆ ಸಿಗುವುದಿಲ್ಲ. ಎ.ಐ.ಆರ್. ಆರಂಭವಾದದ್ದು ಈ ತಿಳಿವಿನಿಂದ. ಶಿಲ್ಪಿಗಳಾದ ಬಾರ್ಬರಾ ಝುಕರ್ ಮತ್ತು ಸೂಸನ್ ವಿಲಿಯಮ್ಸ್ ಅವರಿಗೆ ಹೊಳೆದ ಯೋಜನೆಗೆ ಡಾಟಿ ಆಟಿ, ಮಾಡ್ ಬೋಲ್ಟ್ಸ್, ಮೇರಿ ಗ್ರಿಗೋರಿಯಾಡಿಸ್ ಮತ್ತು ನ್ಯಾನ್ಸಿ ಸ್ಪೆರೊ ಕೈಜೋಡಿಸಿ ಆರು ಜನರಾದರು. ಉಳಿದವರನ್ನು ಹುಡುಕಲು ಅವರಿಗೆ ನೆರವಾದದ್ದು ಮಹಿಳಾ ಕಲಾವಿದರ ನೋಂದಣಿ ಸಂಗ್ರಹ. ಒಳ್ಳೆಯ ಕಲಾವಿದೆಯರು ಎಲ್ಲಿದ್ದಾರೆಂದೇ ತಿಳಿಯದು ಎಂಬ, ಪ್ರದರ್ಶನಗಳಿಗೆ ಕೃತಿಗಳನ್ನು ಆರಿಸುವ ಕ್ಯುರೇಟರುಗಳ ಸಬೂಬಿಗೆ ಉತ್ತರವಾಗಿ ತಾತ್ಕಾಲಿಕ ಸಮಿತಿಯವರು ಕೂಡಿಹಾಕಿದ್ದ ಈ ಸಂಗ್ರಹದಲ್ಲಿ, ದೀಪದ ಮುಂದಿಟ್ಟು ಪರದೆಯ ಮೇಲೆ ದೊಡ್ಡದಾಗಿ ನೋಡಬಹುದಾದ ಸಣ್ಣ ಪಾರದರ್ಶಕ ಛಾಯಾಚಿತ್ರಗಳು, ಅಂದರೆ ಸ್ಲೈಡುಗಳು, ನೂರಾರು ಸಂಖ್ಯೆಯಲ್ಲಿದ್ದವು. ಅವನ್ನು ನೋಡಿ, ಮೆಚ್ಚಿದವರ ಸ್ಟುಡಿಯೋಗಳಿಗೆ ಹೋಗಿ ಕೃತಿಗಳನ್ನು ಕಣ್ಣಾರೆ ಕಂಡು, ಹದಿನಾಲ್ಕು ಮಂದಿಯನ್ನು ಅವರು ಆರಿಸಿಕೊಂಡರು. ಹಾರ್ಮನಿ ಹ್ಯಾಮಂಡ್, ಹೊವಾರ್ಡೀನಾ ಪಿಂಡೆಲ್, ಅಗ್ನೆಸ್ ಡೆನೆಸ್, ಜುಡಿತ್ ಬರ್ನ್‌ಸ್ಟೈನ್, ರೋಸ್‌ಮೇರಿ ಮೇಯರ್, ಡಾರಿಯಾ ಡೊರೋಶ್ ಆ ಹದಿನಾಲ್ವರಲ್ಲಿ ಕೆಲವರು. ಹೀಗೆ ಇಪ್ಪತ್ತು ಮಂದಿ ಸ್ಥಾಪಕರಾದರು. ಅವರ ಆಯ್ಕೆಗೆ ಒಂದೇ ಶೈಲಿಯ ಹಂಗಿರಲಿಲ್ಲ. ಜ್ಯಾಮಿತಿಯ ಅಮೂರ್ತ ಚಿತ್ರ ಬರೆಯುವವರ ಜೊತೆಗೆ ಬಟ್ಟೆಯ ಚಿಂದಿಯಲ್ಲಿ ಶಿಲ್ಪ ಮಾಡುವವರಿದ್ದರು. ಮಹಿಳೆಯರ ಕಲೆಯೆಂಬ ಒಂದೇ ಬಗೆ ಇದೆಯೆಂಬ ಊಹೆಗೆ ಈ ವೈವಿಧ್ಯವೇ ದೊಡ್ಡ ಖಂಡನೆಯಾಗಿತ್ತು.

ಹೆಸರಿನ ಹಿನ್ನೆಲೆಯನ್ನೂ ಇಲ್ಲಿ ಹೇಳಬೇಕು. ಸೋಹೊ ಆಗ ಎರಕಹೊಯ್ದ ಕಬ್ಬಿಣದ ಮುಂಭಾಗಗಳುಳ್ಳ ಹಳೆಯ ಕಾರ್ಖಾನೆ ಮತ್ತು ಗೋದಾಮುಗಳ ಪ್ರದೇಶವಾಗಿತ್ತು. ಉದ್ಯಮಗಳು ತೆರಳಿದ ಮೇಲೆ ಖಾಲಿಬಿದ್ದ ವಿಶಾಲವಾದ ಮಹಡಿಗಳಲ್ಲಿ ಕಲಾವಿದರು ಕಡಿಮೆ ಬಾಡಿಗೆಗೆ ನೆಲೆಸಿದ್ದರು. ವಾಸಕ್ಕೆಂದು ಕಟ್ಟದ ಕಟ್ಟಡದಲ್ಲಿ ಜನರಿದ್ದಾರೆಂದು ಅಗ್ನಿಶಾಮಕ ದಳಕ್ಕೆ ತಿಳಿಯಲೆಂದು, 1961ರ ಒಪ್ಪಂದದ ಪ್ರಕಾರ, ಇಲ್ಲಿ ಕಲಾವಿದರು ವಾಸವಾಗಿದ್ದಾರೆಂಬ ಅರ್ಥದ ‘ಆರ್ಟಿಸ್ಟ್ ಇನ್ ರೆಸಿಡೆನ್ಸ್’ ಎಂಬುದರ ಎ.ಐ.ಆರ್. ಎಂಬ ಮೂರು ಮೊದಲಕ್ಷರಗಳನ್ನು ಮಹಡಿಯ ಸಂಖ್ಯೆಯೊಂದಿಗೆ ಬಾಗಿಲ ಬಳಿ ಬರೆದಿಡಬೇಕಾಗಿತ್ತು. ಪಿಂಡೆಲ್ ಅವರು ಜೇನ್ ಐರ್ ಕಾದಂಬರಿಯ ನಾಯಕಿಯನ್ನು ನೆನೆದು ಸೂಚಿಸಿದ ‘ಐರ್’ ಎಂಬ ಹೆಸರಿನಿಂದ ಹೊರಟ ಚರ್ಚೆ, ಉಚ್ಚಾರದ ಹೋಲಿಕೆಯಿಂದಾಗಿ, ಕೊನೆಗೆ ಈ ಮೂರು ಅಕ್ಷರಗಳಲ್ಲಿ ನಿಂತಿತು.

ವೂಸ್ಟರ್ ಸ್ಟ್ರೀಟಿನ ಜಾಗವನ್ನು ಗ್ಯಾಲರಿಯಾಗಿ ಮಾರ್ಪಡಿಸುವ ಕೆಲಸವನ್ನು ಸದಸ್ಯೆಯರೇ ಕೈಗೆತ್ತಿಕೊಂಡರು. ಹಣವಿಲ್ಲದ್ದು ಇದಕ್ಕೆ ಮೊದಲ ಕಾರಣವಾದರೂ ಅದರ ಪರಿಣಾಮ ಹಣದ ಉಳಿತಾಯವನ್ನು ಮೀರಿತ್ತು. ಹೊಸ ಗೋಡೆಗಳನ್ನು ನಿಲ್ಲಿಸಿ, ನೆಲವನ್ನು ಹದಗೊಳಿಸಿ, ಬಣ್ಣ ಬಳಿದ ಕೈಗಳಿಗೆ, ಆ ಗೋಡೆಯ ಮೇಲೆ ಏನನ್ನು ತೂಗುಹಾಕಬೇಕೆಂದು ತೀರ್ಮಾನಿಸುವ ಅಧಿಕಾರವೂ ಬರುವುದು ನ್ಯಾಯವಾಗಿಯೇ ಕಾಣುತ್ತದೆ. ಆಡಳಿತದ ನಿಯಮಗಳೂ ಇದೇ ತತ್ತ್ವದ ಮೇಲೆ ರೂಪುಗೊಂಡವು. ಸಹಕಾರಿ ಗ್ಯಾಲರಿ ಎಂದರೆ ಸದಸ್ಯರೇ ವಂತಿಗೆ ಹಾಕಿ ಬಾಡಿಗೆ, ಬೆಳಕು, ಅಂಚೆಯ ಖರ್ಚನ್ನು ಹೊರುವ, ಸಭೆ ಸೇರಿ ಮತ ಹಾಕಿ ನಿರ್ಧಾರ ಕೈಗೊಳ್ಳುವ, ಗ್ಯಾಲರಿಯನ್ನು ಕಾಯುವ ಮತ್ತು ಪತ್ರ ಬರೆಯುವ ಕೆಲಸವನ್ನೂ ತಾವೇ ಹಂಚಿಕೊಳ್ಳುವ ವ್ಯವಸ್ಥೆ. ಪ್ರತಿ ಸದಸ್ಯೆಗೂ ಸರದಿಯಂತೆ ಏಕವ್ಯಕ್ತಿ ಪ್ರದರ್ಶನದ ಹಕ್ಕಿತ್ತು, ಮತ್ತು ಆ ಅವಧಿಯಲ್ಲಿ ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದು ಅವಳೊಬ್ಬಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಮಾರಾಟವಾಗುವುದೋ ಇಲ್ಲವೋ ಎಂದು ಯೋಚಿಸುವ ಮಾಲೀಕನಿಲ್ಲದ ಕಡೆ ಕಲಾವಿದೆ ತನ್ನ ಮುಂದಿನ ಪ್ರದರ್ಶನಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಈ ಖಾತರಿ ಅವರ ಕೃತಿಗಳ ಅಳತೆಯನ್ನೂ ಸಾಮಗ್ರಿಯನ್ನೂ ವಸ್ತುವನ್ನೂ ಬದಲಿಸಿತು.

ನ್ಯಾನ್ಸಿ ಸ್ಪೆರೊ ಅವರ ಉದಾಹರಣೆ ಇದನ್ನು ಚೆನ್ನಾಗಿ ತಿಳಿಸುತ್ತದೆ. 1926ರಲ್ಲಿ ಜನಿಸಿದ ಅವರು ಈ ಗ್ಯಾಲರಿ ತೆರೆದಾಗ ನಲವತ್ತಾರು ವರ್ಷದವರು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ ಬಳಸುವುದನ್ನು 1960ರ ದಶಕದಲ್ಲೇ ಬಿಟ್ಟು ಕಾಗದಕ್ಕೆ ಹೊರಳಿದ್ದರು. ಫ್ರೆಂಚ್ ಲೇಖಕ ಆಂತೊನಾ ಆರ್ತೋ ಅವರ ಬರಹಗಳ ತುಣುಕುಗಳನ್ನು ಟೈಪ್ ಮಾಡಿ, ಚಾಚಿದ ನಾಲಗೆಯ ತಲೆಗಳನ್ನೂ ತುಂಡಾದ ದೇಹಗಳನ್ನೂ ಚಿತ್ರಿಸಿ, ಉದ್ದನೆಯ ಕಾಗದದ ಪಟ್ಟಿಗಳಿಗೆ ಅಂಟಿಸಿದ ‘ಕೋಡೆಕ್ಸ್ ಆರ್ತೋ’ ಸರಣಿಯನ್ನು ಅವರು 1973ರಲ್ಲಿ ಇಲ್ಲಿ ತೋರಿಸಿದರು. ಮಾತಿಗೆ ಅವಕಾಶವಿಲ್ಲದೆ ಕಟ್ಟಿಹಾಕಲ್ಪಟ್ಟ ನಾಲಗೆಯೆಂಬ ವಸ್ತು ಆ ಕೃತಿಯಲ್ಲಿ ಕಲಾವಿದೆಯ ಸ್ವಂತ ಸ್ಥಿತಿಯೂ ಆಗಿತ್ತು. 1976ರ ‘ಟಾರ್ಚರ್ ಆಫ್ ವಿಮೆನ್’ ಇನ್ನೂ ದೊಡ್ಡ ಹೆಜ್ಜೆ. ಹದಿನಾಲ್ಕು ಭಾಗಗಳುಳ್ಳ, ಅರ್ಧ ಮೀಟರಿನಷ್ಟು ಎತ್ತರದ, ಸಾಲಾಗಿ ಜೋಡಿಸಿದರೆ ಸುಮಾರು 38 ಮೀಟರ್ ಉದ್ದವಾಗುವ ಈ ಕಾಗದದ ಕೃತಿಯಲ್ಲಿ, ಚಿತ್ರಹಿಂಸೆಗೊಳಗಾದ ಮಹಿಳೆಯರನ್ನು ಕುರಿತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿಗಳ ಭಾಗಗಳು ದೊಡ್ಡ ಅಕ್ಷರಗಳಲ್ಲಿವೆ, ಅವುಗಳ ನಡುವೆ ಬಾಬಿಲೋನಿನ ಪುರಾಣದ ತಿಯಾಮತ್ ದೇವಿಯ ಸಂಹಾರದ ಪ್ರಸ್ತಾಪವೂ ಪ್ರಾಚೀನ ಆಕೃತಿಗಳೂ ಬರುತ್ತವೆ. ಓದಲು ಹತ್ತಿರ ಹೋಗಬೇಕು, ನೋಡಲು ದೂರ ನಿಲ್ಲಬೇಕು; ಗೋಡೆಯುದ್ದಕ್ಕೂ ನಡೆಯದೆ ಕೃತಿ ಮುಗಿಯದು. ಮನೆಯ ಪಡಸಾಲೆಯಲ್ಲಿ ತೂಗುಹಾಕಲಾಗದ, ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಳ್ಳದ ಇಂಥ ಕೃತಿಯನ್ನು ತೋರಿಸಲು ಆಗಿನ ಎಷ್ಟು ಡೀಲರುಗಳು ಮುಂದೆ ಬರುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಇಂದು ಅದು ಕೆನಡಾದ ರಾಷ್ಟ್ರೀಯ ಗ್ಯಾಲರಿಯ ಸಂಗ್ರಹದಲ್ಲಿದೆ.

ಹಾರ್ಮನಿ ಹ್ಯಾಮಂಡ್ 1973ರಲ್ಲಿ ಇಲ್ಲಿ ತೋರಿಸಿದ ‘ಪ್ರೆಸೆನ್ಸಸ್’ ಸರಣಿಯು, ಗೆಳತಿಯರು ಕೊಟ್ಟ ಹಳೆಯ ಬಟ್ಟೆಯ ಚಿಂದಿಗಳಿಗೆ ಬಣ್ಣ ಹಚ್ಚಿ ಹೊಲಿದು, ಮನುಷ್ಯರೆತ್ತರಕ್ಕೆ ಮೇಲಿನಿಂದ ಇಳಿಬಿಟ್ಟ ಆಕೃತಿಗಳಿಂದ ಕೂಡಿತ್ತು. ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ಪಿಂಡೆಲ್ ಅವರು ಕಾಗದಕ್ಕೆ ತೂತು ಹಾಕುವ ಕಚೇರಿಯ ಉಪಕರಣದಿಂದ ಉದುರಿದ ಪುಟ್ಟ ಬಿಲ್ಲೆಗಳಿಗೆ ಒಂದೊಂದಾಗಿ ಅಂಕಿ ಬರೆದು, ಅವನ್ನು ಕೃತಿಗಳ ಮೇಲೆ ಹರಡಿ ಅಂಟಿಸುತ್ತಿದ್ದರು. ಚಿಂದಿ ಮತ್ತು ಕಾಗದದ ಬಿಲ್ಲೆಗಳಂಥ ಸಾಮಗ್ರಿಗಳಿಗೆ ಉನ್ನತ ಕಲೆಯ ಗೌರವ ದೊರಕಿಸಿದ್ದು ಈ ಗ್ಯಾಲರಿಯ ದೊಡ್ಡ ಸಾಧನೆಗಳಲ್ಲಿ ಒಂದು. ಜುಡಿತ್ ಬರ್ನ್‌ಸ್ಟೈನ್ ಅವರ ಪ್ರಸಂಗವಂತೂ, ಗೋಡೆ ತಮ್ಮದಾಗಿರುವುದಕ್ಕೂ ಪರರದಾಗಿರುವುದಕ್ಕೂ ಇರುವ ಅಂತರವನ್ನು ನೇರವಾಗಿ ತೋರಿಸುತ್ತದೆ. ಪುರುಷಾಧಿಕಾರ ಮತ್ತು ಯುದ್ಧದಾಹವನ್ನು ಟೀಕಿಸಲು ಅವರು ಇದ್ದಿಲಿನಲ್ಲಿ ಬರೆಯುತ್ತಿದ್ದ ಬೃಹತ್ ತಿರುಪುಮೊಳೆಯ ಚಿತ್ರಗಳಿಗೆ 1973ರಲ್ಲಿ ಎ.ಐ.ಆರ್.ನಲ್ಲಿ ಯಾವ ಅಡ್ಡಿಯೂ ಬರಲಿಲ್ಲ. ಅವುಗಳಲ್ಲಿ ಒಂದನ್ನು ಮರುವರ್ಷ ಫಿಲಡೆಲ್ಫಿಯಾದಲ್ಲಿ ಮಹಿಳೆಯರ ಕಲೆಗೆಂದೇ ಏರ್ಪಟ್ಟ ಪ್ರದರ್ಶನದಿಂದ ಅಶ್ಲೀಲವೆಂಬ ಕಾರಣಕ್ಕೆ ಹೊರಗಿಡಲಾಯಿತು.

ಪ್ರದರ್ಶನಗಳ ಜೊತೆಗೆ ಗ್ಯಾಲರಿಯು ಸೋಮವಾರ ಸಂಜೆಯ ಸಭೆಗಳನ್ನು ನಡೆಸುತ್ತಿತ್ತು. ಕೃತಿಗಳ ಚರ್ಚೆ, ವೃತ್ತಿಯ ವ್ಯವಹಾರ, ಸ್ತ್ರೀವಾದದ ವಾಗ್ವಾದಗಳೆಲ್ಲ ಅಲ್ಲಿ ಸಾರ್ವಜನಿಕವಾಗಿ ನಡೆಯುತ್ತಿದ್ದವು. 1976ರಲ್ಲಿ ಫ್ರೆಂಚ್ ವಿಮರ್ಶಕಿ ಅಲೀನ್ ದಾಲಿಯೆ ಅವರು ಪ್ಯಾರಿಸಿನ ಕಲಾವಿದೆಯರ ಪ್ರದರ್ಶನವನ್ನು ಏರ್ಪಡಿಸಿದರು. ಮುಂದೆ ಜಪಾನಿನ ಕಲಾವಿದೆಯರ ಕೃತಿಗಳೂ ಬಂದವು. 1973ರಲ್ಲಿ ಹತ್ತಿರದಲ್ಲೇ ಸೋಹೊ20 ಗ್ಯಾಲರಿ, ಷಿಕಾಗೋದಲ್ಲಿ ಆರ್ಟೆಮಿಸಿಯಾ ಮತ್ತು ಎ.ಆರ್.ಸಿ. ಎಂಬ ಮಹಿಳಾ ಸಹಕಾರಿ ಗ್ಯಾಲರಿಗಳು ಇದೇ ಹಾದಿಯಲ್ಲಿ ತೆರೆದುಕೊಂಡವು. ಮಹಿಳೆಯರಿಗೆಂದೇ ಬೇರೆ ಗ್ಯಾಲರಿ ಕಟ್ಟಿಕೊಂಡರೆ ಅವರನ್ನು ಮುಖ್ಯ ಕಲಾಲೋಕದಿಂದ ಇನ್ನಷ್ಟು ದೂರವಿಟ್ಟಂತಾಗುವುದಿಲ್ಲವೇ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ದೊಡ್ಡ ಸಂಗ್ರಹಾಲಯಗಳ ಬಾಗಿಲು ಮುಚ್ಚಿದ್ದಾಗ ಅದರ ಹೊರಗೆ ಒಬ್ಬೊಬ್ಬರಾಗಿ ನಿಲ್ಲುವುದಕ್ಕಿಂತ ತಮ್ಮದೇ ಬಾಗಿಲನ್ನು ತೆರೆದು ಕೃತಿಗಳನ್ನು ವಿಮರ್ಶೆಯ ಕಣ್ಣಿಗೆ ಒಡ್ಡುವುದು ಹೆಚ್ಚು ಧೈರ್ಯದ ಹಾಗೂ ಹೆಚ್ಚು ಫಲ ಕೊಟ್ಟ ಮಾರ್ಗವೆಂಬುದಕ್ಕೆ ಸ್ಪೆರೊ, ಹ್ಯಾಮಂಡ್ ಮತ್ತು ಪಿಂಡೆಲ್ ಅವರ ಮುಂದಿನ ಬದುಕೇ ಸಾಕ್ಷಿ.

ಈ ಸಂಸ್ಥೆಯ ಚರಿತ್ರೆಯಲ್ಲಿ ನೋವಿನ ಒಂದು ಭಾಗವಿದೆ, ಮತ್ತು ಅದನ್ನು ಬಿಟ್ಟು ಇದರ ಬಗೆಗೆ ಬರೆಯುವುದು ಪ್ರಾಮಾಣಿಕವಾಗದು. ಇಪ್ಪತ್ತು ಸ್ಥಾಪಕರಲ್ಲಿ ಕಪ್ಪು ಮಹಿಳೆ ಪಿಂಡೆಲ್ ಒಬ್ಬರೇ. ಹೆಣ್ಣೆಂಬ ಕಾರಣಕ್ಕೆ ಆಗುವ ಅನ್ಯಾಯವನ್ನು ಕುರಿತು ಗಂಟೆಗಟ್ಟಲೆ ಮಾತನಾಡುತ್ತಿದ್ದ ವಲಯದಲ್ಲಿ ವರ್ಣಭೇದದ ಮಾತೆತ್ತಿದರೆ ಅದಕ್ಕೆ ಕಿವಿಗೊಡುವವರು ಕಡಿಮೆಯಿದ್ದರು. 1975ರಲ್ಲಿ ಅವರು ಸದಸ್ಯತ್ವ ಬಿಟ್ಟರು. ಕ್ಯೂಬಾದಲ್ಲಿ ಹುಟ್ಟಿ ಹನ್ನೆರಡನೆಯ ವಯಸ್ಸಿನಲ್ಲಿ ಹೆತ್ತವರಿಂದ ದೂರವಾಗಿ ಅಮೆರಿಕಕ್ಕೆ ಬಂದಿದ್ದ, ಮಣ್ಣು ಹುಲ್ಲು ಬೆಂಕಿಗಳಲ್ಲಿ ತಮ್ಮ ದೇಹದ ಅಚ್ಚನ್ನು ಮೂಡಿಸಿ ಛಾಯಾಚಿತ್ರ ತೆಗೆಯುತ್ತಿದ್ದ ಆನಾ ಮೆಂಡಿಯೆಟಾ 1978ರಲ್ಲಿ ಸದಸ್ಯೆಯಾದರು, ಮತ್ತು 1980ರ ಸೆಪ್ಟೆಂಬರಿನಲ್ಲಿ ಕಲಾವಿದೆಯರಾದ ಕಝುಕೊ ಮಿಯಾಮೊಟೊ ಹಾಗೂ ಝರೀನಾ ಅವರೊಡನೆ ಸೇರಿ ‘ಡಯಲೆಕ್ಟಿಕ್ಸ್ ಆಫ್ ಐಸೊಲೇಷನ್’ ಎಂಬ ಪ್ರದರ್ಶನವನ್ನು ಇದೇ ಗೋಡೆಗಳ ಮೇಲೆ ಏರ್ಪಡಿಸಿದರು. ಅಮೆರಿಕದಲ್ಲಿದ್ದ ತೃತೀಯ ಜಗತ್ತಿನ ಕಲಾವಿದೆಯರ ಪ್ರದರ್ಶನವೆಂದು ಕರೆಯಲಾದ ಅದರಲ್ಲಿ ಬೆವರ್ಲಿ ಬ್ಯುಕ್ಯಾನನ್, ಸೆಂಗಾ ನೆಂಗುಡಿ, ಜುಡಿತ್ ಬಾಕಾ, ಜಾನೆಟ್ ಹೆನ್ರಿ, ಲಿಡಿಯಾ ಒಕುಮುರಾ ಮೊದಲಾದ ಎಂಟು ಮಂದಿಯ ಕೃತಿಗಳಿದ್ದವು. ಅಮೆರಿಕದ ಸ್ತ್ರೀವಾದ ಬಿಳಿಯ ಮಧ್ಯಮ ವರ್ಗದ ಚಳವಳಿಯಾಗಿ ಉಳಿದಿದೆಯೆಂಬ ಟೀಕೆಯನ್ನು ಮೆಂಡಿಯೆಟಾ ಅದರ ಕೈಪಿಡಿಯಲ್ಲಿ ನಿರ್ಭಿಡೆಯಿಂದ ಬರೆದರು. ಪಿಂಡೆಲ್ ಅವರು ತಾವು ಅನುಭವಿಸಿದ ವರ್ಣಭೇದದ ಪ್ರಸಂಗಗಳನ್ನು ಕ್ಯಾಮೆರಾದ ಮುಂದೆ ಹೇಳುತ್ತ, ಬಿಳಿ ಮಹಿಳೆಯ ವೇಷದಲ್ಲೂ ತಾವೇ ಕಾಣಿಸಿಕೊಂಡು ಆ ಪ್ರಸಂಗಗಳನ್ನು ಅಲ್ಲಗಳೆಯುವ ‘ಫ್ರೀ, ವೈಟ್ ಅಂಡ್ 21’ ಎಂಬ ಹನ್ನೆರಡು ನಿಮಿಷದ ವೀಡಿಯೋ ತೋರಿಸಿದ್ದು ಈ ಸಂದರ್ಭದಲ್ಲೇ. ಗ್ಯಾಲರಿಯನ್ನು ಪ್ರಶ್ನಿಸುವ ಕೃತಿಗೆ ಗ್ಯಾಲರಿಯ ಒಳಗೇ ಜಾಗ ಸಿಕ್ಕಿತೆಂಬುದು ಅದರ ನಿಯಮಗಳ ಬಲ. ಅಂಥ ಕೃತಿಯ ಅಗತ್ಯ ಬಿದ್ದದ್ದು ಅದರ ದೌರ್ಬಲ್ಯ. ಎರಡು ವರ್ಷಗಳ ಬಳಿಕ ಮೆಂಡಿಯೆಟಾ ಕೂಡ ಹೊರನಡೆದರು.

ಆ ಪ್ರದರ್ಶನದ ಮೂವರು ಸಂಘಟಕರಲ್ಲಿ ಒಬ್ಬರಾದ ಝರೀನಾ ಭಾರತದವರು. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಪ್ಯಾರಿಸಿನಲ್ಲಿ ಅಚ್ಚುಕಲೆ ಕಲಿತು, 1970ರ ದಶಕದ ನಡುವೆ ನ್ಯೂಯಾರ್ಕಿನಲ್ಲಿ ನೆಲೆನಿಂತ ಅವರು, ಆಗ ಕಾಗದದ ತಿರುಳನ್ನು ಅಚ್ಚಿನಲ್ಲಿ ಸುರಿದು ಗಟ್ಟಿಗೊಳಿಸಿದ ಉಬ್ಬುಕೃತಿಗಳನ್ನು ಮಾಡುತ್ತಿದ್ದರು. ಭಾರತದೊಂದಿಗೆ ಈ ಗ್ಯಾಲರಿಗಿರುವ ಇನ್ನೊಂದು ನಂಟು ಮುಂಬಯಿಯ ಕಲಾವಿದೆ ನಳಿನಿ ಮಲಾನಿ ಅವರ ಮೂಲಕ ಬಂದದ್ದು. 1979ರಲ್ಲಿ ನ್ಯೂಯಾರ್ಕಿಗೆ ಹೋದ ಅವರು ಎ.ಐ.ಆರ್.ನಲ್ಲಿ ಸ್ಪೆರೊ, ಮೆಂಡಿಯೆಟಾ ಮತ್ತು ಕಲಾವಿದೆ ಮೇ ಸ್ಟೀವನ್ಸ್ ಅವರನ್ನು ಕಂಡರು. ಕಲಾವಿದೆಯರು ಸೇರಿ ಜಾಗವೊಂದನ್ನು ನಡೆಸುವ ಆ ಬಗೆ ಅವರ ಮನಸ್ಸಿನಲ್ಲಿ ನಿಂತಿತು. ಭಾರತದ ಕಲಾವಿದೆಯರದೇ ದೊಡ್ಡ ಪ್ರದರ್ಶನವೊಂದನ್ನು ಮಾಡುವ ಅವರ ಯೋಜನೆ ಬೆಂಬಲವಿಲ್ಲದೆ ಕೈಗೂಡಲಿಲ್ಲವಾದರೂ, ಅರ್ಪಿತಾ ಸಿಂಗ್, ಮಾಧವಿ ಪಾರೇಖ್ ಮತ್ತು ನೀಲಿಮಾ ಶೇಖ್ ಅವರೊಡನೆ ಕೂಡಿ ನಡೆಸಿದ ‘ಥ್ರೂ ದ ಲುಕಿಂಗ್ ಗ್ಲಾಸ್’ ಪ್ರದರ್ಶನ 1987ರಿಂದ 1989ರವರೆಗೆ ದೇಶದ ಐದು ಕಡೆ ಸಂಚರಿಸಿತು. ದೊಡ್ಡ ಕ್ಯಾನ್ವಾಸಿನ ತೈಲಚಿತ್ರವೇ ಗಂಭೀರ ಕಲೆಯೆಂದು ಎಣಿಸಲಾಗುತ್ತಿದ್ದ ಕಾಲದಲ್ಲಿ ಈ ನಾಲ್ವರು ಕಾಗದವನ್ನೂ ಜಲವರ್ಣವನ್ನೂ ಆರಿಸಿಕೊಂಡದ್ದು ಬೇಕೆಂದೇ ಕೈಗೊಂಡ ನಿಲುವಾಗಿತ್ತು. ಸ್ವಂತ ಕಟ್ಟಡವಿಲ್ಲದೆ, ಪರಸ್ಪರ ಪತ್ರ ಮತ್ತು ಭೇಟಿಗಳ ಬಲದಿಂದಲೇ ಅವರು ಒಂದು ಸಂಚಾರಿ ಸಂಸ್ಥೆಯಷ್ಟು ಕೆಲಸ ಮಾಡಿದರು.

ಸೋಹೊ ಪ್ರದೇಶ ಶ್ರೀಮಂತವಾಗುತ್ತ ಬಂದಂತೆ, ಅದನ್ನು ಬೆಳಗಿಸಿದ ಕಲಾವಿದರಿಗೇ ಅಲ್ಲಿನ ಬಾಡಿಗೆ ನಿಲುಕದಾಯಿತು. ಗ್ಯಾಲರಿ 1981ರಲ್ಲಿ ಕ್ರಾಸ್ಬಿ ಸ್ಟ್ರೀಟಿಗೆ, 1994ರಲ್ಲಿ ಮತ್ತೆ ವೂಸ್ಟರ್ ಸ್ಟ್ರೀಟಿಗೆ, 2002ರಲ್ಲಿ ಚೆಲ್ಸಿಗೆ, 2008ರಲ್ಲಿ ನದಿ ದಾಟಿ ಬ್ರೂಕ್ಲಿನ್ನಿಗೆ ಸ್ಥಳಾಂತರಗೊಂಡು, 2015ರಿಂದ ಅಲ್ಲಿನ ಪ್ಲಿಮತ್ ಸ್ಟ್ರೀಟಿನಲ್ಲಿದೆ. ವಂತಿಗೆಯ ಮೇಲೆ ನಿಂತ ವ್ಯವಸ್ಥೆಯೊಳಗೇ ಒಂದು ಬಿಕ್ಕಟ್ಟು ಅಡಗಿದೆ: ಯಾರ ಮರ್ಜಿಯನ್ನೂ ಕಾಯದ ಸ್ವಾತಂತ್ರ್ಯ ಕೊಟ್ಟ ಅದೇ ವಂತಿಗೆ, ಅದನ್ನು ಕಟ್ಟಲಾಗದವಳನ್ನು ಹೊಸ್ತಿಲ ಹೊರಗೆ ನಿಲ್ಲಿಸುತ್ತದೆ. 1993ರಲ್ಲಿ ಆರಂಭಿಸಿದ ಫೆಲೋಷಿಪ್ ಯೋಜನೆ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿತು. ಅದರಡಿ ಆಯ್ಕೆಯಾದ, ಇನ್ನೂ ಹೆಸರು ಮಾಡಿರದ ಕಲಾವಿದೆಯರಿಗೆ ನೆರವೂ ಹಿರಿಯ ಸದಸ್ಯೆಯರ ಮಾರ್ಗದರ್ಶನವೂ ಏಕವ್ಯಕ್ತಿ ಪ್ರದರ್ಶನವೂ ದೊರೆಯುತ್ತವೆ. 2018ರಲ್ಲಿ ಗ್ಯಾಲರಿ 1980ರ ‘ಡಯಲೆಕ್ಟಿಕ್ಸ್’ ಪ್ರದರ್ಶನವನ್ನು ಮತ್ತೆ ಕೈಗೆತ್ತಿಕೊಂಡು, ಆಗಿನ ಕಲಾವಿದೆಯರ ಕೃತಿಗಳ ಪಕ್ಕದಲ್ಲಿ ಹೊಸ ತಲೆಮಾರಿನವರ ಕೃತಿಗಳನ್ನಿಟ್ಟು, ನಾವು ಒಟ್ಟಿಗೆ ಇದ್ದೇವೆಯೇ ಎಂಬ ಪ್ರಶ್ನೆಯನ್ನೇ ಪ್ರದರ್ಶನದ ಶೀರ್ಷಿಕೆಯಲ್ಲಿ ಸೇರಿಸಿತು.